ಗಣಿಯ ಬಾಗಿಲು, ಗಣಕದ ಬಾಗಿಲು

ಕಾಲೇಜುಗಳಲ್ಲಿ ಗಣಕಯಂತ್ರಗಳನ್ನು ಇರಿಸಿರುವ ಕೊಠಡಿಯ ಬಾಗಿಲಿನ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ಹಾಳೆಯನ್ನು ಅಂಟಿಸಿರುತ್ತಾರೆ. ಪಾದರಕ್ಷೆಗಳನ್ನು ಹೊರಗೆ ಬಿಡಬೇಕು, ಒಳಬಂದ ವೇಳೆಯನ್ನೂ ಹೊರಹೋದ ವೇಳೆಯನ್ನೂ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು, ಪೆನ್‌ಡ್ರೈವ್ ತರಕೂಡದು, ಆಟ ಆಡಕೂಡದು, ಸಿನಿಮಾ ನೋಡಕೂಡದು, ತನ್ನ ಪಾಸ್‌ವರ್ಡನ್ನು ಮತ್ತೊಬ್ಬರಿಗೆ ತಿಳಿಸಕೂಡದು, ತಪ್ಪಿದವರ ಮೇಲೆ ಕ್ರಮ ಕೈಗೊಳ್ಳಲಾಗುವುದು. ದಿನವೂ ಆ ಬಾಗಿಲಿನಲ್ಲಿ ಹಾಯುವ ವಿದ್ಯಾರ್ಥಿಗಳಲ್ಲಿ ಅದನ್ನು ಪೂರ್ತಿಯಾಗಿ ಓದಿದವರು ವಿರಳ. ಆದರೆ ಈ ಹಾಳೆಗೂ ಒಂದು ಇತಿಹಾಸವಿದೆ. ಆ ಇತಿಹಾಸವನ್ನು ಹೇಳಲು ಕೋಲಾರದ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ನೆಲಕ್ಕಿಂತ ತಕ್ಕ ಸ್ಥಳ ನಮ್ಮ ನಾಡಿನಲ್ಲಿ ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ. ದೂರದಿಂದ ಬಂದ ತಂತಿಯೊಂದನ್ನು ಯಾರು ಬಳಸಬೇಕು, ಯಾವ ಕೆಲಸಕ್ಕೆ ಬಳಸಬೇಕು, ಬಳಸುವವನನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಗಳು ಅಲ್ಲಿ ಗಣಕಯಂತ್ರಕ್ಕಿಂತ ಬಹಳ ಮೊದಲೇ ಎದ್ದಿದ್ದವು.

1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಗಣಿಗಳಿಗೆ ಹರಿಯಿತು. ಅಷ್ಟು ದೂರಕ್ಕೆ ಶಕ್ತಿಯನ್ನು ಒಯ್ದ ತಂತಿ ಭಾರತದಲ್ಲಿ ಅದಕ್ಕೆ ಮೊದಲು ಇರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರು ಯೋಜನೆಗೆ ಬೆನ್ನಾಗಿ ನಿಂತವರು. ಅದು ಕೈಗೂಡಿದ್ದನ್ನು ನೋಡಲು ಅವರೇ ಉಳಿಯಲಿಲ್ಲ, 1901ರಲ್ಲಿ ತೀರಿಕೊಂಡರು. ಈ ತಂತಿಗೆ ಗೊತ್ತುಪಡಿಸಿದ ಉದ್ದೇಶ ಒಂದೇ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿದ್ದ ಗಣಿಗಳ ಯಂತ್ರಗಳನ್ನು ತಿರುಗಿಸುವುದು. ಮೈಸೂರು ಸರ್ಕಾರ ಶಕ್ತಿಯನ್ನು ಕೊಡುವುದು, ಗಣಿಗಳು ಹಣ ಕೊಡುವುದು ಎಂಬ ಕರಾರು. ತಂತಿ ಹಾದುಹೋದ ಹಳ್ಳಿಗಳ ರೈತರು ತಮ್ಮ ಹೊಲದಲ್ಲಿ ನಿಂತ ಕಂಬಗಳನ್ನು ನೋಡಬಹುದಿತ್ತೇ ಹೊರತು ಅದರಿಂದ ಒಂದು ದೀಪವನ್ನು ಹಚ್ಚುವಂತಿರಲಿಲ್ಲ. ಬೆಂಗಳೂರು ನಗರಕ್ಕೇ ವಿದ್ಯುದ್ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್‌ನಲ್ಲಿ. ಗಣಿಗಾಗಿ ಎಳೆದ ತಂತಿ ಕ್ರಮೇಣ ನಾಡಿನ ತಂತಿಯಾಯಿತು. ಒಂದು ಕೆಲಸಕ್ಕೆಂದು ಕಟ್ಟಿದ ಜಾಲವು ಬೇರೆ ಕೆಲಸಗಳಿಗೆ ಒದಗುವುದೂ, ಹಾಗೆ ಒದಗುವ ಮುನ್ನ ಒಡೆಯರು ಅದಕ್ಕೆ ಬೇಲಿ ಹಾಕಿಕೊಂಡಿರುವುದೂ ಮುಂದೆ ಗಣಕಗಳ ಜಾಲದಲ್ಲಿ ಮತ್ತೆ ನಡೆದ ಕಥೆ.

ಗಣಿಯಲ್ಲಿ ಇನ್ನೊಂದು ಬೇಲಿಯಿತ್ತು. ಕೆಲಸ ಮುಗಿಸಿ ಮೇಲೆ ಬಂದ ಕೂಲಿಕಾರನನ್ನು ತಪಾಸಣೆ ಮಾಡಿ ಹೊರಗೆ ಬಿಡುತ್ತಿದ್ದರು. ಚಿನ್ನ ಕಳವಾಗುತ್ತಿದ್ದುದು ಸುಳ್ಳಲ್ಲ. ಗಣಿಯ ಸಾಮಗ್ರಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದನ್ನೇ ಅಪರಾಧವೆಂದು ಮೈಸೂರಿನ ಕಾನೂನು ಸಾರಿತ್ತು. ಆದರೆ ಕದ್ದವನೊಬ್ಬನಾದರೆ ತಪಾಸಣೆಗೆ ಮೈಯೊಡ್ಡುವವರು ಸಾವಿರಾರು. 1930ರಲ್ಲಿ ಕಂಪನಿಗಳು ಕೂಲಿಕಾರರ ಬೆರಳಚ್ಚನ್ನು ತೆಗೆದು ನೋಂದಾಯಿಸುವ ಏರ್ಪಾಟಿಗೆ ತೊಡಗಿದಾಗ ಆ ಜನ ಕೆಲಸ ನಿಲ್ಲಿಸಿಬಿಟ್ಟರು. ಆ ಕಾಲಕ್ಕೆ ಅಲ್ಲಿ ಮಾನ್ಯತೆ ಪಡೆದ ಕಾರ್ಮಿಕ ಸಂಘವೊಂದೂ ಇರಲಿಲ್ಲ. ಆದರೂ ಸಾವಿರಾರು ಮಂದಿ ಒಂದಾಗಿ ನಿಂತರು. ಕೂಲಿ ಹೆಚ್ಚಿಸಿರೆಂದು ಮುಷ್ಕರ ಹೂಡುವುದು ಎಲ್ಲ ಕೈಗಾರಿಕಾ ಪಟ್ಟಣಗಳಲ್ಲಿಯೂ ನಡೆದದ್ದೇ. ಬೆರಳಿನ ಗುರುತನ್ನು ಕೊಡಲಾರೆವೆಂದು ಮುಷ್ಕರ ಹೂಡಿದ ಕೀರ್ತಿ ಚಿನ್ನದ ಗಣಿಯವರದು. ಈ ಸಂಗತಿಯನ್ನು ಇಲ್ಲಿ ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳೋಣ.

ಇನ್ನು ಗಣಕಯಂತ್ರದ ಕಡೆಗೆ ಬರೋಣ. 1963ರಲ್ಲಿ ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. 1620 ಎಂಬ ಯಂತ್ರ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಗಣಕ ಕೇಂದ್ರ ಆರಂಭವಾಯಿತು. ಆಗಿನ ಯಂತ್ರವೊಂದು ಇಡೀ ಕೋಣೆಯನ್ನು ತುಂಬುತ್ತಿತ್ತು. ಅದರ ಬೆಲೆಗೆ ಒಂದು ಕಟ್ಟಡವನ್ನೇ ಕಟ್ಟಬಹುದಿತ್ತು. ವಿದ್ಯಾರ್ಥಿ ಅದನ್ನು ಮುಟ್ಟುವಂತಿರಲಿಲ್ಲ. ತನ್ನ ಲೆಕ್ಕದ ಕ್ರಮವನ್ನು ಹಾಳೆಯ ಮೇಲೆ ಬರೆದು, ಸಾಲಿಗೊಂದರಂತೆ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಸಿ, ಆ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಕಿಟಕಿಯಲ್ಲಿ ಒಪ್ಪಿಸಿ ಬರಬೇಕು. ಮಾರನೆಯ ದಿನ ಉತ್ತರ ಬರುತ್ತಿತ್ತು. ಎಲ್ಲೋ ಒಂದು ಅಲ್ಪವಿರಾಮ ತಪ್ಪಿದ್ದರೆ ಉತ್ತರದ ಬದಲು ತಪ್ಪಿನ ಪಟ್ಟಿ ಬರುತ್ತಿತ್ತು. ತಿದ್ದಿ ಕೊಟ್ಟು ಇನ್ನೊಂದು ದಿನ ಕಾಯಬೇಕು. ಪಾದರಕ್ಷೆಯ ನಿಯಮಕ್ಕೂ ಅಂದು ಅರ್ಥವಿತ್ತು. ಮಾಹಿತಿಯನ್ನು ಇಡುವ ಕಾಂತೀಯ ತಟ್ಟೆಗೂ ಅದನ್ನು ಓದುವ ತಲೆಗೂ ನಡುವಿನ ಅಂತರ ಎಷ್ಟು ಕಡಮೆಯೆಂದರೆ ಧೂಳಿನ ಕಣವೊಂದು ಸಿಕ್ಕಿಕೊಂಡರೂ ತಟ್ಟೆ ಹಾಳಾಗುತ್ತಿತ್ತು. ಅದಕ್ಕಾಗಿಯೇ ಹವಾನಿಯಂತ್ರಿತ ಕೋಣೆ, ಅದಕ್ಕಾಗಿಯೇ ಮುಚ್ಚಿದ ಬಾಗಿಲು. ತಟ್ಟೆಯನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಮುಚ್ಚಿಡುವ ಕಾಲ ಬಂದು, ಅದೇ ಯಂತ್ರ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಸಾಂಬಾರಿನ ಹಬೆಯ ನಡುವೆ ಕೆಲಸ ಮಾಡತೊಡಗಿದ ಮೇಲೂ ಕಾಲೇಜಿನಲ್ಲಿ ಮಾತ್ರ ಚಪ್ಪಲಿಗಳು ಹೊಸ್ತಿಲಾಚೆಯೇ ಉಳಿದವು. ನಿಯಮಗಳಿಗೆ ತಮ್ಮ ಕಾರಣಗಳಿಗಿಂತ ಆಯುಸ್ಸು ಹೆಚ್ಚು.

ಯಂತ್ರದ ಸಮಯ ಚಿನ್ನದಷ್ಟೇ ಬೆಲೆಯುಳ್ಳದ್ದಾಗಿದ್ದಾಗ ಅದನ್ನು ಅಳೆದು ಹಂಚುವುದು ಅನಿವಾರ್ಯ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ 1960ರ ದಶಕದ ಆರಂಭದಲ್ಲಿ ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಏರ್ಪಾಟನ್ನು ಮಾಡಿದರು. ಒಬ್ಬರ ಕಡತವನ್ನು ಇನ್ನೊಬ್ಬರು ತೆರೆಯದಂತೆ, ಒಬ್ಬರ ಪಾಲಿನ ಸಮಯವನ್ನು ಇನ್ನೊಬ್ಬರು ನುಂಗದಂತೆ ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಕೊಟ್ಟರು. ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿಗೆ ದೊರೆತ ಪಾಲು ವಾರಕ್ಕೆ ನಾಲ್ಕು ಗಂಟೆ. ಅವನ ಸಂಶೋಧನೆಗೆ ಅದು ಏತಕ್ಕೂ ಸಾಲದು. 1962ರಲ್ಲಿ ಅವನು ಒಂದು ಉಪಾಯ ಮಾಡಿದ. ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನು ಅಚ್ಚು ಮಾಡಿಕೊಡಬೇಕೆಂದು ಕಾರ್ಡಿನ ಮೂಲಕ ಯಂತ್ರಕ್ಕೇ ಕೋರಿಕೆ ಸಲ್ಲಿಸಿದ. ಯಂತ್ರವು ವಿಧೇಯವಾಗಿ ಅಚ್ಚು ಮಾಡಿಕೊಟ್ಟಿತು. ಇದನ್ನು ಅವನೇ ಕಾಲು ಶತಮಾನದ ಮೇಲೆ ಹೇಳಿಕೊಂಡ. ಪಾಸ್‌ವರ್ಡ್ ಕದ್ದ ಮೊದಲ ಪ್ರಸಂಗವೆಂದು ಈ ಕಥೆಯನ್ನು ಹೇಳುವವರು ಅದರಲ್ಲಿ ಕಳ್ಳನನ್ನಷ್ಟೇ ಕಾಣುತ್ತಾರೆ. ನನಗೆ ಅದರಲ್ಲಿ ಕಾಣುವುದು ನಾಲ್ಕು ಗಂಟೆ ಸಾಲದ ವಿದ್ಯಾರ್ಥಿ. ಕಟ್ಟಳೆ ಮುರಿಯುವವರಲ್ಲಿ ಎರಡು ಜಾತಿಯುಂಟು: ಇನ್ನೊಬ್ಬರಿಗೆ ಕೇಡು ಮಾಡಲು ಮುರಿಯುವವರು, ಕಟ್ಟಳೆಯೇ ತಮ್ಮ ಓದಿಗೆ ಅಡ್ಡವಾಯಿತೆಂದು ಮುರಿಯುವವರು. ಬಾಗಿಲಿನ ಹಾಳೆ ಈ ಇಬ್ಬರಿಗೂ ಒಂದೇ ಸಾಲಿನಲ್ಲಿ ದಂಡನೆ ಹೇಳುತ್ತದೆ.

ಯಂತ್ರಗಳು ಒಂದನ್ನೊಂದು ತಂತಿಯಿಂದ ಕೂಡಿಕೊಂಡಾಗ ಪ್ರಶ್ನೆ ಇನ್ನಷ್ಟು ಜಟಿಲವಾಯಿತು. ನಮ್ಮ ದೇಶದಲ್ಲಿ ವಿದ್ಯಾಸಂಸ್ಥೆಗಳ ಗಣಕಜಾಲ ಆರಂಭವಾದದ್ದು 1986ರಲ್ಲಿ. ಎರ್ನೆಟ್ ಎಂಬ ಹೆಸರಿನ ಈ ಜಾಲವನ್ನು ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಕಟ್ಟಿತು. ಐದು ಐ.ಐ.ಟಿ.ಗಳು, ಬೆಂಗಳೂರಿನ ವಿಜ್ಞಾನ ಸಂಸ್ಥೆ, ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಮತ್ತು ದೆಹಲಿಯ ಇಲಾಖೆ ಎಂಬ ಎಂಟು ಸ್ಥಾನಗಳು ಅದರಲ್ಲಿದ್ದವು. ಶಿವನಸಮುದ್ರದ ತಂತಿ ಗಣಿಗೆಂದು ಹುಟ್ಟಿದಂತೆ ಈ ತಂತಿ ಸಂಶೋಧನೆಗೆಂದು ಹುಟ್ಟಿತು. ಅಮೆರಿಕದಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ನಡೆಸುತ್ತಿದ್ದ ಜಾಲಕ್ಕೂ ಇಂತಹುದೇ ಕಟ್ಟಳೆಯಿತ್ತು: ವಿದ್ಯೆಗೂ ಸಂಶೋಧನೆಗೂ ಮಾತ್ರ, ವ್ಯಾಪಾರಕ್ಕೆ ಅಲ್ಲ. ಬಳಕೆದಾರರು ಒಪ್ಪಿ ನಡೆಯಬೇಕಾದ ನೀತಿ ಎಂದು ಇಂದು ಕಾಲೇಜುಗಳು ಬರೆದಿಡುವ ಪತ್ರಗಳು ಬಹುಮಟ್ಟಿಗೆ ಆ ಮೂಲದ ಸಂತಾನ. 1995ರ ಏಪ್ರಿಲ್‌ನಲ್ಲಿ ಆ ಜಾಲದ ಬೆನ್ನೆಲುಬನ್ನು ಕಳಚಿದರು. ಅದೇ ವರ್ಷ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಒದಗಿಸಿತು. ವ್ಯಾಪಾರ ಕೂಡದೆಂಬ ಬೇಲಿ ಅಲ್ಲಿಗೆ ಬಿತ್ತು.

ಬೇಲಿ ಬೀಳುವ ಮೊದಲು ಒಂದು ದೊಡ್ಡ ಅನಾಹುತವೂ ನಡೆದಿತ್ತು. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ತಾನು ಬರೆದ, ತಾನಾಗಿಯೇ ಹರಡುವ ಕ್ರಮವಿಧಿಯೊಂದನ್ನು ಜಾಲದೊಳಕ್ಕೆ ಬಿಟ್ಟ. ಅದು ಅವನ ಎಣಿಕೆಯನ್ನು ಮೀರಿ ಬೆಳೆದು ಸಾವಿರಾರು ಯಂತ್ರಗಳನ್ನು ಸ್ಥಗಿತಗೊಳಿಸಿತು. ನ್ಯಾಯಾಲಯ ಅವನಿಗೆ ಸೆರೆವಾಸ ವಿಧಿಸಲಿಲ್ಲ. ಮೂರು ವರ್ಷಗಳ ನಡತೆಯ ನಿಗಾ, 400 ಗಂಟೆಗಳ ಸಮಾಜಸೇವೆ ಮತ್ತು ದಂಡ. ಮರುವರ್ಷದ ಜನವರಿಯಲ್ಲಿ ಇಂಟರ್‌ನೆಟ್ಟಿನ ಹೊಣೆ ಹೊತ್ತ ತಜ್ಞರ ಮಂಡಲಿ ಒಂದು ಚಿಕ್ಕ ಹೇಳಿಕೆಯನ್ನು ಹೊರಡಿಸಿತು. ಅನುಮತಿಯಿಲ್ಲದೆ ಪ್ರವೇಶಿಸುವುದು, ಜಾಲದ ಉದ್ದಿಷ್ಟ ಬಳಕೆಗೆ ಭಂಗ ತರುವುದು, ಜನರ ಶ್ರಮವನ್ನೂ ಯಂತ್ರದ ಶಕ್ತಿಯನ್ನೂ ವ್ಯರ್ಥಗೊಳಿಸುವುದು, ಮಾಹಿತಿಯನ್ನು ಕೆಡಿಸುವುದು, ಬಳಕೆದಾರರ ಖಾಸಗಿತನವನ್ನು ಭೇದಿಸುವುದು, ಇವು ಅನೈತಿಕವೆಂದು ಅದು ಸಾರಿತು. ಕೊನೆಯ ಮಾತನ್ನು ಗಮನಿಸಬೇಕು. ಬಳಕೆದಾರರಿಂದ ಜಾಲವನ್ನು ಕಾಯುವುದರ ಜೊತೆಗೆ ಬಳಕೆದಾರರನ್ನೂ ಕಾಯಬೇಕೆಂಬ ವಿವೇಕ ಆ ಪುಟ್ಟ ಹೇಳಿಕೆಯಲ್ಲಿತ್ತು. ಅದನ್ನು ನಕಲು ಮಾಡಿಕೊಂಡವರು ಹೆಚ್ಚಾಗಿ ಮೊದಲ ನಾಲ್ಕನ್ನು ಉಳಿಸಿಕೊಂಡು ಐದನೆಯದನ್ನು ಮರೆತರು.

ಎರ್ನೆಟ್ ಆರಂಭವಾದ 1986ರಲ್ಲಿಯೇ ಕೆ.ಜಿ.ಎಫ್.ನ ಉರಿಗಾಂನಲ್ಲಿ ಗೋಲ್ಡನ್ ವ್ಯಾಲಿ ಎಂಬ ಹೆಸರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಹುಟ್ಟಿದ್ದು ಒಂದು ಸೊಗಸಾದ ಯೋಗಾಯೋಗ. ಮುಂದೆ ಅದು ಡಾ. ಟಿ. ತಿಮ್ಮಯ್ಯ ತಾಂತ್ರಿಕ ಮಹಾವಿದ್ಯಾಲಯ ಎಂಬ ಹೆಸರು ಪಡೆಯಿತು. ಆಗ ಗಣಿಗಳು ಇನ್ನೂ ನಡೆಯುತ್ತಿದ್ದವು, ಆದರೆ ಅದಿರಿನಲ್ಲಿ ಚಿನ್ನದ ಅಂಶ ಇಳಿಮುಖವಾಗಿತ್ತು. ಗಣಿಯ ಹುಡುಗರಿಗೆ ನೆಲದ ಕೆಳಗಿನ ಕೆಲಸ ಇನ್ನು ಬಹುಕಾಲ ಇರದೆಂಬುದು ಮನೆಮನೆಗೆ ತಿಳಿದಿತ್ತು. 2000ದ ಅಕ್ಟೋಬರ್ 17ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆ ದೇಶದಲ್ಲಿ ಜಾರಿಗೆ ಬಂತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಎರಡರ ನಡುವೆ ನಾಲ್ಕೂವರೆ ತಿಂಗಳೂ ಇಲ್ಲ. ಅಪ್ಪ ಬಾವಿಯೊಳಗೆ ಇಳಿಯುತ್ತಿದ್ದ ಮನೆಯಿಂದ ಮಗನೋ ಮಗಳೋ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುವುದು ಅಲ್ಲಿಂದ ಮುಂದೆ ಆ ಊರಿನ ದಿನಚರಿಯಾಯಿತು. ಬೌರಿಂಗ್‌ಪೇಟೆಯೆಂದು ಕರೆಯುತ್ತಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಶಾಖೆಯ ಹಳಿಗಳನ್ನು 1894ರಲ್ಲಿ ಹಾಕಿದ್ದು ಗಣಿಗೆ ಬೇಕಾದ ಸಾಮಾನು ಸಾಗಿಸುವುದಕ್ಕಾಗಿ. ಅವೇ ಹಳಿಗಳು ಈಗ ಜನರನ್ನು ಹೊರಗಿನ ಕೆಲಸಗಳಿಗೆ ಸಾಗಿಸುತ್ತವೆ. ಒಂದು ಕೆಲಸಕ್ಕೆಂದು ಕಟ್ಟಿದ್ದು ಮತ್ತೊಂದಕ್ಕೆ ಒದಗಿದ ಇನ್ನೊಂದು ಉದಾಹರಣೆ ಇದು.

ಇಂತಹ ಊರಿನಲ್ಲಿ ಕಾಲೇಜಿನ ಗಣಕ ಕೊಠಡಿ ಪಠ್ಯಕ್ರಮದ ಒಂದು ಭಾಗ ಮಾತ್ರವಾಗಿರಲಿಲ್ಲ. ಮನೆಯಲ್ಲಿ ಯಂತ್ರವಿಲ್ಲದ ವಿದ್ಯಾರ್ಥಿಗೆ ಅರ್ಜಿ ತುಂಬಲು, ಫಲಿತಾಂಶ ನೋಡಲು, ನೌಕರಿ ಹುಡುಕಲು ಅದೇ ಕಿಟಕಿ. ಬಾಗಿಲಿನ ಹಾಳೆಯಾದರೋ ಪಠ್ಯಕ್ಕೆ ಸಂಬಂಧಿಸದ ಬಳಕೆ ನಿಷಿದ್ಧ ಎನ್ನುತ್ತದೆ. ಗಣಿ ಮುಚ್ಚಿದ ಮನೆಯ ಹುಡುಗಿಯೊಬ್ಬಳು ಪ್ರಯೋಗದ ವೇಳೆಯಲ್ಲಿ ಉದ್ಯೋಗದ ಅರ್ಜಿಯನ್ನು ತುಂಬಿದರೆ ಅದು ಪಠ್ಯಕ್ಕೆ ಸಂಬಂಧಿಸಿದ್ದೋ ಅಲ್ಲವೋ? ಒಳ್ಳೆಯ ಅಧ್ಯಾಪಕರು ಈ ಪ್ರಶ್ನೆಯನ್ನು ಕೇಳದೆಯೇ ಬೇರೆ ಕಡೆ ನೋಡುತ್ತಾರೆ. ಆದರೆ ಅಧ್ಯಾಪಕರ ಒಳ್ಳೆಯತನವನ್ನು ನಂಬಿಕೊಂಡು ನಡೆಯುವ ನಿಯಮ, ಅವರು ವರ್ಗವಾದ ಮಾರನೆಯ ದಿನ ಬೇರೆಯೇ ನಿಯಮವಾಗುತ್ತದೆ.

ನಿರ್ಬಂಧಗಳಿಗೆ ಕಾರಣವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. 2009ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಶಿಕ್ಷಣದ ರಾಷ್ಟ್ರೀಯ ಯೋಜನೆಯಡಿ ಕಾಲೇಜುಗಳಿಗೆ ಬಿ.ಎಸ್.ಎನ್.ಎಲ್. ಮೂಲಕ ಬಂದ ಸಂಪರ್ಕಗಳ ವೇಗ ಸೆಕೆಂಡಿಗೆ 512 ಕಿಲೋಬಿಟ್. ಅಷ್ಟು ಕಿರಿದಾದ ಕೊಳವೆಯಲ್ಲಿ ಒಬ್ಬನು ಸಿನಿಮಾ ಹರಿಸಿಕೊಂಡರೆ ಪಕ್ಕದವನು ಪುಸ್ತಕದ ಒಂದು ಪುಟವನ್ನೂ ತೆರೆಯಲಾರ. ಬೀದಿಯ ನಲ್ಲಿಗೆ ಮೋಟಾರು ಹಚ್ಚುವವನನ್ನು ತಡೆಯುವುದು ಎಷ್ಟು ನ್ಯಾಯವೋ ಅವನನ್ನು ತಡೆಯುವುದೂ ಅಷ್ಟೇ ನ್ಯಾಯ. ಕಾಲೇಜುಗಳಿಗೆ ವಿದ್ವತ್ಪತ್ರಿಕೆಗಳನ್ನೂ ಗ್ರಂಥಗಳನ್ನೂ ಜಾಲದ ಮೂಲಕ ಒದಗಿಸುವ ಎನ್-ಲಿಸ್ಟ್ ಯೋಜನೆಯೂ ರಾಶಿರಾಶಿಯಾಗಿ ಇಳಿಸಿಕೊಳ್ಳಬಾರದೆಂಬ ಷರತ್ತನ್ನು ಹಾಕಿದೆ. ಪ್ರಕಾಶಕರು ಒಬ್ಬನ ಅತಿಯಾಸೆಗೆ ಇಡೀ ಕಾಲೇಜಿನ ಪ್ರವೇಶವನ್ನು ನಿಲ್ಲಿಸಿಯಾರು. ಇವು ಹಂಚಿಕೊಂಡು ಉಣ್ಣುವ ಪಂಕ್ತಿಯ ನಿಯಮಗಳು. ಇವುಗಳ ಬಗ್ಗೆ ಯಾರೂ ಮುನಿಯಲಾರರು.

2016ರ ಸೆಪ್ಟೆಂಬರ್ ತರುವಾಯ ಅಗ್ಗದ ಮೊಬೈಲ್ ಡೇಟಾ ಬಂತು. ಕೊಳವೆ ಒಮ್ಮೆಗೇ ಅಗಲವಾಯಿತು. ಅದೂ ಕಾಲೇಜಿನ ಕೊಠಡಿಯಲ್ಲಲ್ಲ, ವಿದ್ಯಾರ್ಥಿಯ ಜೇಬಿನಲ್ಲಿ. 2020ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್‌ಗಳನ್ನು ಹಂಚಿತು. ಯಂತ್ರವೂ ಮನೆಗೆ ಹೋಯಿತು. ಹೀಗೆ ಕೊರತೆಯಿಂದ ಹುಟ್ಟಿದ ನಿಯಮಗಳು ಒಂದೊಂದಾಗಿ ಬಡವಾದವು. ಉಳಿದುಕೊಂಡದ್ದು ಮತ್ತೊಂದು ಮೂಲದ ನಿಯಮ, ಅನುಮಾನದ ನಿಯಮ. ಯಾರು ಯಾವ ತಾಣವನ್ನು ನೋಡಿದರೆಂಬ ದಾಖಲೆ, ಯಾವಾಗ ಬೇಕಾದರೂ ಪರಿಶೀಲಿಸುವ ಹಕ್ಕು, ಹಾಜರಾತಿಗೆ ಬೆರಳನ್ನಿಡುವ ಯಂತ್ರ. ಇವೆಲ್ಲ ಗಣಿಯ ಬಾಗಿಲಿನಲ್ಲಿ ನಡೆಯುತ್ತಿದ್ದ ತಪಾಸಣೆಯ ಮೊಮ್ಮಕ್ಕಳು. ದಾಖಲೆ ಇಡುವುದೆಲ್ಲ ಕೆಟ್ಟದ್ದಲ್ಲ. ಜಾಲದ ಭದ್ರತೆಗಾಗಿ 180 ದಿನಗಳ ದಾಖಲೆಯನ್ನು ಉಳಿಸಬೇಕೆಂದು ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಅನೇಕರಿಗೆ 2022ರ ಏಪ್ರಿಲ್‌ನಲ್ಲಿ ಕೇಂದ್ರದ ಆದೇಶವೇ ಆಗಿದೆ. ಆ ದಾಖಲೆಯನ್ನು ಯಾರು ತೆರೆಯಬಹುದು, ಯಾವ ದೂರಿನ ಮೇಲೆ ತೆರೆಯಬಹುದು, ತೆರೆದದ್ದನ್ನು ವಿದ್ಯಾರ್ಥಿಗೆ ತಿಳಿಸಬೇಕೇ ಎಂಬುದನ್ನು ಬಾಗಿಲಿನ ಹಾಳೆಗಳು ಹೇಳುವುದಿಲ್ಲ. ವಿದ್ಯಾರ್ಥಿಯ ಕರ್ತವ್ಯಗಳಿಗೆ ಹದಿನೈದು ಸಾಲು, ಕಾಲೇಜಿನ ಕರ್ತವ್ಯಕ್ಕೆ ಒಂದೂ ಇಲ್ಲ.

ಈ ಏಕಪಕ್ಷೀಯತೆಯನ್ನು ನ್ಯಾಯಾಲಯಗಳು ಪ್ರಶ್ನಿಸದೆ ಬಿಟ್ಟಿಲ್ಲ. ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಮಹಿಳಾ ವಿದ್ಯಾರ್ಥಿನಿಲಯದಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಸಕೂಡದೆಂಬ ನಿಯಮವಿತ್ತು. ಓದುವ ಹೊತ್ತಿನಲ್ಲೇ ಓದಿನ ಸಾಧನವನ್ನು ಕಿತ್ತುಕೊಳ್ಳುವುದು ಯಾವ ನ್ಯಾಯವೆಂದು ಒಪ್ಪದ ವಿದ್ಯಾರ್ಥಿನಿಯನ್ನು ನಿಲಯದಿಂದ ಹೊರಹಾಕಿದರು. 2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟ್ ಅವಳ ಪರವಾಗಿ ತೀರ್ಪಿತ್ತಿತು: ಇಂಟರ್‌ನೆಟ್ಟನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ, ಖಾಸಗಿತನದ ಹಕ್ಕಿನ ಭಾಗ. ಅವಳನ್ನು ನಿಲಯಕ್ಕೆ ಮತ್ತೆ ಸೇರಿಸಿಕೊಳ್ಳಬೇಕೆಂದು ಆಜ್ಞೆಯಾಯಿತು. ಶಿಸ್ತು ಬೇಡವೆಂದು ನ್ಯಾಯಾಲಯ ಹೇಳಲಿಲ್ಲ. ಇತರರಿಗೆ ತೊಂದರೆಯಾಗದಿರುವಾಗ ವಯಸ್ಕಳೊಬ್ಬಳ ಕೈಯಿಂದ ಸಾಧನವನ್ನು ಕಿತ್ತುಕೊಳ್ಳುವುದು ಶಿಸ್ತಲ್ಲವೆಂದಿತು. ಕೆಲವೇ ತಿಂಗಳಲ್ಲಿ ಕೋವಿಡ್ ಬಂದು, ತರಗತಿಗಳೇ ಮೊಬೈಲಿನೊಳಗೆ ಸೇರಿಕೊಂಡಾಗ, ಹಿಂದೆ ಮೊಬೈಲನ್ನು ನಿಷೇಧಿಸಿದ್ದ ಕಾಲೇಜುಗಳೇ ಮೊಬೈಲ್ ಇಲ್ಲದವರಿಗೆ ಹಾಜರಾತಿ ಕೊಡುವುದು ಹೇಗೆಂದು ಚಿಂತಿಸಬೇಕಾಯಿತು!

ಕೇರಳದ ತೀರ್ಪಿಗೆ ಆಧಾರವಾದ ಖಾಸಗಿತನದ ಹಕ್ಕನ್ನು ದೇಶಕ್ಕೆ ದೊರಕಿಸಿಕೊಟ್ಟ ಮೊಕದ್ದಮೆ ಕನ್ನಡನಾಡಿನಿಂದಲೇ ಹೋದದ್ದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೊರೆ ಹೊಕ್ಕರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಬುಡದಲ್ಲಿದ್ದ ವಸ್ತುವೂ ಬೆರಳಚ್ಚೇ. 1930ರಲ್ಲಿ ಗಣಿಯ ಕೂಲಿಕಾರರು ಕಾನೂನಿನ ಭಾಷೆಯಿಲ್ಲದೆ ಹೇಳಿದ ಮಾತಿಗೂ ಈ ಮಾತಿಗೂ ನಡುವೆ 87 ವರ್ಷಗಳು. 1930ರವರಿಗೆ ಯಾವ ಪೀಠವೂ ಇರಲಿಲ್ಲ. ಕೆಲಸ ನಿಲ್ಲಿಸುವುದೊಂದೇ ಅವರ ಕೈಯಲ್ಲಿದ್ದ ಮೇಲ್ಮನವಿ.

ಈಗ ಬಾಗಿಲಿನ ಹಾಳೆಯ ಭಾಷೆಯ ಬಗ್ಗೆ ಒಂದು ಮಾತು. ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿಯೂ ವಕೀಲರ ಇಂಗ್ಲಿಷಿನಲ್ಲಿ. ಎಲ್ಲಿಯದೋ ವಿಶ್ವವಿದ್ಯಾಲಯದ ನೀತಿಪತ್ರದಿಂದ ಇಳಿಸಿಕೊಂಡದ್ದೆಂಬ ಗುರುತು ಅದರ ಮೈಮೇಲೆಯೇ ಇರುತ್ತದೆ. ರಾಬರ್ಟ್‌ಸನ್‌ಪೇಟೆಯ ಬೀದಿಯಲ್ಲಿ ಒಂದು ಫರ್ಲಾಂಗು ನಡೆದರೆ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ; ಬಂಗಾರಪೇಟೆಯ ರೈಲ್ವೆ ಪ್ಲಾಟ್‌ಫಾರಂ ಮೇಲೆಯೂ ಹಾಗೆಯೇ. ಹಳ್ಳಿಯ ಕನ್ನಡ ಶಾಲೆಯಿಂದ ಪದವಿ ತರಗತಿಗೆ ಬಂದ ವಿದ್ಯಾರ್ಥಿ ಮೊದಲ ವಾರದಲ್ಲಿಯೇ ಆ ಹಾಳೆಯ ಕೆಳಗೆ ಸಹಿ ಮಾಡುತ್ತಾನೆ. ತಾನು ಯಾವುದಕ್ಕೆ ಒಪ್ಪಿದೆನೆಂಬುದು ಅವನಿಗೆ ತಿಳಿಯುವುದು ತಪ್ಪು ನಡೆದುಹೋದ ಮೇಲೆ, ಪ್ರಾಂಶುಪಾಲರ ಕೊಠಡಿಯಲ್ಲಿ. ಓದಲಾಗದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ.

2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಈ ಬಗ್ಗೆ ಒಂದು ವಿಧಿಯಿದೆ. ವ್ಯಕ್ತಿಯ ಸಮ್ಮತಿ ಪಡೆದು ಅವನ ಮಾಹಿತಿಯನ್ನು ಸಂಗ್ರಹಿಸುವವರು ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂಬ ಸೂಚನೆಯನ್ನು ಕೊಡಬೇಕು. ಅದನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದೇ ಭಾಷೆಯಲ್ಲಾಗಲಿ ಓದಿಕೊಳ್ಳುವ ಆಯ್ಕೆ ಆ ವ್ಯಕ್ತಿಗೆ ಇರಬೇಕು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವು. ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಆ ಅನುಸೂಚಿಯಲ್ಲಿವೆ. ಉರಿಗಾಂನಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ ಕಾಲೇಜಿನವರು ಹೊಸ ಹಾಳೆಯನ್ನು ಸಿದ್ಧಪಡಿಸಲು ಕುಳಿತರೆ ಅನುವಾದಕರನ್ನು ದೂರ ಹುಡುಕಬೇಕಾಗಿಲ್ಲ. ಆ ನಾಲ್ಕು ಭಾಷೆಗಳನ್ನು ಬಲ್ಲ ವಿದ್ಯಾರ್ಥಿಗಳು ಅದೇ ಕೊಠಡಿಯಲ್ಲಿ, ಚಪ್ಪಲಿಗಳನ್ನು ಹೊರಗೆ ಬಿಟ್ಟು, ಕುಳಿತಿರುತ್ತಾರೆ.